ಇನ್ನೊಮ್ಮೆ ಬಿಗಿಯಲು ಒಂದು ದಿನ ಕೊಡಿ



ಕಳೆದ ವಾರ ಮೂಡಲಗಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. "ಸರ್, ಅಪ್ಪಾರ ಅಂಬಾಸಡರ್ ಎಂಜಿನ್ ಬಿಚ್ಚಿಸೀನ್ರಿ. ಹೆಡ್ಡಿನ ನಟ್ಟಿಗೆ ಟಾರ್ಕ್ ಪಾನಾನ ಬೇಕಂತ ಕೆಲವರು ಅಂತಾರ. ನಮ್ಮ ಮಿಸ್ತ್ರಿ ಕೈ ಅಂದಾಜ ಸಾಕಂತಾನ. ನೀವೇನಂತೀರಿ?" ಎಂದು ಕೇಳಿದ. ವಿಜ್ಞಾನ ಕಲಿಸಿದ ತಪ್ಪಿಗೆ ನಿವೃತ್ತಿಯ ನಂತರವೂ ಇಂತಹ ಪ್ರಶ್ನೆಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಆದರೆ ಈ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಪುಸ್ತಕದಿಂದಷ್ಟೇ ಬಂದುದಲ್ಲ.

1998ರಲ್ಲಿ ನನ್ನ ಬಳಿ 1489 ಸಿ.ಸಿ. ಎಂಜಿನ್ನಿನ ಹಳೆಯ ಅಂಬಾಸಡರ್ ಒಂದಿತ್ತು. ತಂಗಿಯ ನಿಶ್ಚಿತಾರ್ಥ ಸಂಕೇಶ್ವರದಲ್ಲಿ ನಿಗದಿಯಾಗಿತ್ತು. ಅದಕ್ಕೆ ಎರಡು ದಿನ ಮೊದಲು ಹೆಡ್ ಇಳಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಸಂಜೆ ಎಂಜಿನ್ ಚಾಲೂ ಮಾಡಿ ನೋಡಿದ ಮಿಸ್ತ್ರಿ, "ಸರ್, ರಾತ್ರಿ ಪೂರಾ ಆರ್ಲಿ ಬಿಡ್ರಿ. ನಾಳೆ ಮುಂಜಾನೆ ಇನ್ನೊಮ್ಮೆ ಬಿಗಿ ಮಾಡಿ ಕೊಡ್ತೀನ್ರಿ" ಎಂದ. ಇದು ಇನ್ನೊಂದು ದಿನದ ಕೂಲಿಗೆ ಹೂಡಿದ ಉಪಾಯವೆಂದು ನಾನು ಭಾವಿಸಿ, ಅಂದೇ ಗಾಡಿ ಮನೆಗೆ ತಂದೆ. ನಿಶ್ಚಿತಾರ್ಥದ ದಿನ ಹುಕ್ಕೇರಿ ಇನ್ನೂ ಮುಟ್ಟಿರಲಿಲ್ಲ. ಬಾನೆಟ್ಟಿನ ಕೆಳಗಿನಿಂದ ಉಗಿ ಎದ್ದಿತು. ಗ್ಯಾಸ್ಕೆಟ್ ಒಡೆದು ನೀರು ಸಿಲಿಂಡರಿಗೆ ಇಳಿದಿತ್ತು. ವಯಸ್ಸಾದ ತಂದೆಯವರು ಹೊಸ ರುಮಾಲು ಸುತ್ತಿಕೊಂಡು ರಸ್ತೆಯ ಬದಿಯ ಕಲ್ಲಿನ ಮೇಲೆ ಎರಡು ತಾಸು ಕುಳಿತರು. ಬೀಗರ ಮನೆಗೆ ನಾವು ಮುಟ್ಟಿದಾಗ ಎಲೆ ಹಾಕಿ ಕಾದು ಕಾದು ಅವರ ಮುಖ ಬಾಡಿತ್ತು. ತಂದೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಇಂದಿಗೂ ನೋಯುತ್ತದೆ.

ಆ ಮಿಸ್ತ್ರಿಯ ಮಾತಿನಲ್ಲಿ ಎಷ್ಟು ವಿಜ್ಞಾನವಿತ್ತೆಂಬುದು ನನಗೆ ಆಮೇಲೆ ಅರಿವಾಯಿತು. ಬ್ಲಾಕು ಮತ್ತು ಹೆಡ್ಡುಗಳ ನಡುವಿನ ತೆಳುವಾದ ಗ್ಯಾಸ್ಕೆಟ್ ಬೆಂಕಿ, ನೀರು, ಎಣ್ಣೆ ಮೂರನ್ನೂ ಬೇರೆ ಬೇರೆಯಾಗಿ ಹಿಡಿದಿಡಬೇಕು. ಆ ಎಂಜಿನ್ನಿನಲ್ಲಿ ಹೆಡ್ಡನ್ನು ಒತ್ತಿ ಹಿಡಿಯುವ ನಟ್ಟುಗಳು 11. ಅವುಗಳನ್ನು ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಬಿಗಿಯುತ್ತ ಹೋಗಬೇಕು. ಚಾಪೆ ಹಾಸುವಾಗ ನಡುವಿನಿಂದ ಅಂಚಿಗೆ ಕೈಯಾಡಿಸಿದರೆ ಸುಕ್ಕು ಹೊರಗೆ ಹೋಗುತ್ತದೆ. ತುದಿಗಳನ್ನು ಮೊದಲು ಒತ್ತಿದರೆ ಸುಕ್ಕು ನಡುವೆಯೇ ಉಳಿಯುತ್ತದೆ. ಹಾಗೆಯೇ ಇದು. ಅದೂ ಒಂದೇ ಏಟಿಗೆ ಅಲ್ಲ, ಮೂರು ಸುತ್ತಿನಲ್ಲಿ: ಮೊದಲು ಮೂರನೆಯ ಒಂದು ಪಾಲು, ಆಮೇಲೆ ಮೂರನೆಯ ಎರಡು ಪಾಲು, ಕೊನೆಗೆ ಪೂರ್ತಿ.

ಬಿಗಿದ ಸ್ಟಡ್ ಅಥವಾ ಬೋಲ್ಟ್ ಎಂದರೆ ತುಸು ಎಳೆದು ಹಿಡಿದ ಸ್ಪ್ರಿಂಗ್. ನಾವು ಪಾನಾದ ಮೇಲೆ ಹಾಕುವ ಶಕ್ತಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬರಿಯ ಘರ್ಷಣೆಗೇ ಹೋಗುತ್ತದೆ. ಎಳೆಯುವುದು ಉಳಿದ ಒಂದು ಪಾಲು ಮಾತ್ರ. ಆದ್ದರಿಂದ ಥ್ರೆಡ್ಡಿನಲ್ಲಿ ತುಕ್ಕು, ಮಣ್ಣು ಇದ್ದರೆ ಪಾನಾ ಬಿಗಿಯಾದಂತೆ ತೋರುತ್ತದೆ, ಹೆಡ್ಡು ಮಾತ್ರ ಸಡಿಲವಾಗಿಯೇ ಇರುತ್ತದೆ. ಮೂವತ್ತು ವರ್ಷ ಪಳಗಿದ ಮಿಸ್ತ್ರಿಯ ಕೈಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಕೈ ಮುಂಜಾನೆ ಇದ್ದಂತೆ ಸಂಜೆ ಇರುವುದಿಲ್ಲ; ಮೊದಲ ನಟ್ಟಿಗೆ ಇದ್ದ ಜೋರು ಹನ್ನೊಂದನೆಯದಕ್ಕೆ ಇರುವುದಿಲ್ಲ. ಪಾನಾಕ್ಕೆ ಪೈಪು ತೂರಿಸಿ ಜಗ್ಗಿದರಂತೂ ಅಂದಾಜೇ ಉಳಿಯುವುದಿಲ್ಲ. ಟಾರ್ಕ್ ಪಾನಾ ಬೇಕೇ ಬೇಕು. ಅದಕ್ಕೂ ಮೊದಲು ಬ್ರಷ್ಷು ಮತ್ತು ಒಂದು ತುಂಡು ಬಟ್ಟೆ ಬೇಕು.

ಒಂದು ಎಚ್ಚರಿಕೆ. ಹಳೆಯ ಬ್ರಿಟಿಷ್ ಮಾದರಿಯ ಪುಸ್ತಕಗಳಲ್ಲಿ ಅಳತೆ ಫುಟ್-ಪೌಂಡಿನಲ್ಲಿರುತ್ತದೆ. ಇಂದಿನ ಪಾನಾಗಳಲ್ಲಿ ಹೆಚ್ಚಾಗಿ ನ್ಯೂಟನ್-ಮೀಟರ್. ಒಂದು ಫುಟ್-ಪೌಂಡ್ ಎಂದರೆ ಸುಮಾರು 1.36 ನ್ಯೂಟನ್-ಮೀಟರ್. ಒಂದನ್ನು ಇನ್ನೊಂದೆಂದು ಓದಿಕೊಂಡರೆ ಕಾಲು ಭಾಗ ಕಡಿಮೆಯಾದೀತು, ಇಲ್ಲವೆ ಮೂರನೆಯ ಒಂದು ಪಾಲಿಗಿಂತ ಹೆಚ್ಚಾದೀತು. ಪರೀಕ್ಷೆಯಲ್ಲಿ ಏಕಮಾನ ಬರೆಯದವರಿಗೆ ನಾನು ಏಕೆ ಅಂಕ ಕಳೆಯುತ್ತಿದ್ದೆನೆಂದು ಈಗಲಾದರೂ ತಿಳಿಯಿರಿ!

ಇನ್ನು ಆ ಎರಡನೆಯ ಬಿಗಿತ. ಹಳೆಯ ಬಗೆಯ ಗ್ಯಾಸ್ಕೆಟ್ ಮೊದಲ ಸಲ ಕಾದು ಆರಿದಾಗ ತುಸು ಕುಗ್ಗುತ್ತದೆ, ನಟ್ಟುಗಳ ಹಿಡಿತ ಸಡಿಲಾಗುತ್ತದೆ. ಆದಕಾರಣ ರಾತ್ರಿಯೆಲ್ಲ ಆರಲು ಬಿಟ್ಟು, ಅದೇ ಕ್ರಮದಲ್ಲಿ ಒಂದೊಂದೇ ನಟ್ಟನ್ನು ತುಸು ಹಿಂದಕ್ಕೆ ತಿರುಗಿಸಿ ಮತ್ತೆ ಪೂರ್ತಿ ಅಳತೆಗೆ ತರಬೇಕು. ಅಂಬಾಸಡರಿನಲ್ಲಿ ರಾಕರ್ ಶಾಫ್ಟನ್ನು ಹಿಡಿಯುವುದು ಇದೇ ನಟ್ಟುಗಳಲ್ಲಿ ಕೆಲವು. ಹೀಗಾಗಿ ಕೊನೆಗೆ ಟ್ಯಾಪೆಟ್ ಅಂತರವನ್ನೂ ನೋಡಲೇಬೇಕು. ಈ ಮಾತು ಹಳೆಯ ಎಂಜಿನ್ನುಗಳಿಗೆ ಮಾತ್ರ. ಇಂದಿನ ಅನೇಕ ಕಾರುಗಳಲ್ಲಿ ಬೋಲ್ಟನ್ನು ಕೋನದ ಲೆಕ್ಕದಲ್ಲಿ ತಿರುಗಿಸುತ್ತಾರೆ, ಬಿಚ್ಚಿದರೆ ಹೊಸದನ್ನೇ ಹಾಕುತ್ತಾರೆ. ಅಲ್ಲಿ ಮರುಬಿಗಿತ ಹಾನಿಯನ್ನೇ ಮಾಡೀತು. ಆಯಾ ಎಂಜಿನ್ನಿನ ಪುಸ್ತಕವೇ ಪ್ರಮಾಣ.

ನನ್ನ ಅಭಿಪ್ರಾಯ ಇಷ್ಟೇ: ಕೆಟ್ಟ ಹೆಡ್ಡಿಗೆಲ್ಲ ಮಿಸ್ತ್ರಿಯೇ ಕಾರಣನಲ್ಲ, ಗಿರಾಕಿಯ ಅವಸರವೂ ಕಾರಣ. ನಮ್ಮ ಭಾಗದಲ್ಲಿ ಕಬ್ಬಿನ ಹಂಗಾಮು ಬಂದರೆ ಹಳೆಯ ಟ್ರ್ಯಾಕ್ಟರಿಗೂ ಇದೇ ಗತಿ. "ಇವತ್ತ ರಾತ್ರಿ ಫ್ಯಾಕ್ಟರಿಗೆ ಟ್ರಿಪ್ ಐತಿ, ಹೆಂಗರ ಮಾಡಿ ಕೊಡು" ಎಂದು ನಾವೇ ಹೇಳುತ್ತೇವೆ. ಜಗ್ಗಿದ ಕೈಗೆ ಕೂಲಿ ಕೊಡುತ್ತೇವೆ. ಕಾಯಲು ಹೇಳಿದ ಬುದ್ಧಿಗೆ ಕೊಡುವುದಿಲ್ಲ. ಆ ಇನ್ನೊಂದು ದಿನದ ಕೂಲಿಯನ್ನು ನಾನು ಉಳಿಸಿದ್ದೆ. ಆಮೇಲೆ ಸೊಟ್ಟಗಾದ ಹೆಡ್ಡನ್ನು ಬೆಳಗಾವಿಗೆ ಒಯ್ದು ಫೇಸಿಂಗ್ ಮಾಡಿಸಲು ಅದರ ಎಷ್ಟೋ ಪಟ್ಟು ತೆತ್ತೆ. ತಂದೆಯವರ ಆ ಎರಡು ತಾಸಿಗೆ ಲೆಕ್ಕವಿಲ್ಲ.

ಮೂಡಲಗಿಯ ಹುಡುಗನಿಗೆ ಕೊನೆಗೆ ಹೇಳಿದೆ: "ಗಾಡಿ ತಯಾರಾದ ಮೇಲೆ ಅಪ್ಪನ ಕರಕೊಂಡು ಅರಭಾವಿಗೆ ಬಾ, ಊಟಕ್ಕ ಇಲ್ಲೇ ಇರ್ರಿ. ಆದರ ಎರಡನೇ ಸಲ ಬಿಗಿ ಮಾಡಿಸಿದ ಮ್ಯಾಲೇ ಬಾ."