ಕೂಲಿ ಕಡಿತಗೊಳಿಸಿ ಕಿಟ್ ಹಂಚುವುದು ದಾನವೇ?

ಬಡವರು ದುಡಿಯದೆ ಬಡವರಾಗಿದ್ದಾರೆ ಎಂಬ ಮಾತು ನಮ್ಮ ಸಭೆಗಳಲ್ಲೂ ಆಗಾಗ ಕೇಳಿಬರುತ್ತದೆ. ಹಾಗೆನ್ನುವವರು ಒಂದು ಮುಂಜಾನೆ ಹೊಸೂರು ರಸ್ತೆಗೆ ಬರಲಿ. ಇಂಜಿನಿಯರುಗಳು ಬರುವ ಮೊದಲೇ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳ ನೆಲ ಒರೆಸುವವರು, ರಾತ್ರಿಯಿಡೀ ಗೇಟು ಕಾಯ್ದವರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳತ್ತ ಧಾವಿಸುವ ಹೆಣ್ಣುಮಕ್ಕಳು ಅಲ್ಲಿ ಕಾಣಸಿಗುತ್ತಾರೆ. ಇವರು ಸೋಮಾರಿಗಳೇ? ಇಷ್ಟು ದುಡಿದೂ ತಿಂಗಳ ಕೊನೆಗೆ ಸಾಲಕ್ಕೆ ಕೈಚಾಚುತ್ತಾರೆಂದರೆ ದೋಷವಿರುವುದು ಅವರ ದುಡಿಮೆಯಲ್ಲಲ್ಲ, ಕೂಲಿಯಲ್ಲಿ.

2016ರ ಏಪ್ರಿಲ್ 18ರಂದು ಇದೇ ಬೊಮ್ಮನಹಳ್ಳಿಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು. ಹೆಚ್ಚಿನವರು ಮಹಿಳೆಯರು. ಭವಿಷ್ಯ ನಿಧಿಯಲ್ಲಿ ಮಾಲಿಕರು ತುಂಬಿದ ಪಾಲನ್ನು 58 ವರ್ಷವಾಗುವವರೆಗೆ ಹಿಂಪಡೆಯುವಂತಿಲ್ಲ ಎಂಬ ಹೊಸ ನಿಯಮವೇ ಅವರ ಸಿಟ್ಟಿಗೆ ಕಾರಣ. ಅಷ್ಟು ಸಣ್ಣ ಮೊತ್ತಕ್ಕೆ ಇಷ್ಟು ಆಕ್ರೋಶವೇಕೆಂದು ಹಲವರಿಗೆ ಅರ್ಥವಾಗಲಿಲ್ಲ. ಸಂಬಳದಲ್ಲಿ ಒಂದು ರೂಪಾಯಿಯೂ ಉಳಿಯದವರಿಗೆ ಮಗಳ ಮದುವೆಗೂ ಆಸ್ಪತ್ರೆಗೂ ಇರುವ ಗಂಟು ಅದೊಂದೇ. ಮರುದಿನವೇ ಕೇಂದ್ರ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ನಾಲ್ಕು ವರ್ಷಗಳ ಬಳಿಕ ಅದೇ ಕಾರ್ಮಿಕರ ತುಟ್ಟಿಭತ್ಯೆಗೆ ಕತ್ತರಿ ಬಿತ್ತು. 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆ ಹೆಚ್ಚಬೇಕಿತ್ತು. ಕೊರೋನಾದ ಹೆಸರಿನಲ್ಲಿ ರಾಜ್ಯ ಸರಕಾರ ಅದನ್ನು ಮುಂದೂಡಿತು. ಹೈಕೋರ್ಟ್ ಆ ಆದೇಶವನ್ನು ತಡೆದ ನಂತರವೂ ಅನೇಕ ಕಾರ್ಖಾನೆಗಳು 2022ರವರೆಗೆ ಬಾಕಿ ತೀರಿಸಲಿಲ್ಲ. ಕೆಲವರಿಗೆ ಆ ಮೊತ್ತ ಒಂದು ಹೊತ್ತಿನ ಹೋಟೆಲ್ ಬಿಲ್ಲು. ಆ ಮನೆಗಳಲ್ಲಿ ಅದು ಮಗುವಿನ ಹಾಲು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಯೆಂದು ಸುಪ್ರೀಮ್ ಕೋರ್ಟ್ 1982ರಲ್ಲೇ, ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ.

ಇಲ್ಲಿಯವರೆಗೆ ಓದಿ ತಲೆದೂಗಿದವರು ಈಗ ತಮ್ಮ ಅಂಗಡಿಯ ಲೆಕ್ಕದ ಪುಸ್ತಕವನ್ನೂ ತೆರೆಯಲಿ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಆದೇಶವನ್ನು ನಾವು ಬಾಯಿಪಾಠ ಮಾಡಿದ್ದೇವೆ, ಆದರೆ ತಡಮಾಡಬಾರದು ಎಂಬಷ್ಟಕ್ಕೇ ಅದನ್ನು ಸೀಮಿತಗೊಳಿಸಿದ್ದೇವೆ. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಪ್ರವಾದಿ ಶುಐಬರ(ಅ) ಜನತೆ ತಕ್ಕಡಿಯಲ್ಲಿ ಮೋಸ ಮಾಡಿತು. ನಮ್ಮ ಕಾಲದ ತಕ್ಕಡಿ ಸಂಬಳದ ಚೀಟಿ.

ಬೇಕರಿಯ ಹುಡುಗನಿಗೂ ಮನೆಗೆಲಸದ ಹೆಂಗಸಿಗೂ ವರ್ಷವಿಡೀ ಕಡಿಮೆ ಕೊಟ್ಟು, ರಮಝಾನಿನಲ್ಲಿ ಅವರ ಕೈಗೇ ರೇಷನ್ ಕಿಟ್ ಇಟ್ಟು ಫೋಟೋ ತೆಗೆಸಿಕೊಳ್ಳುವುದು ಔದಾರ್ಯವಲ್ಲ. ಝಕಾತನ್ನು ಸಂಬಳದ ಬದಲಿಗೆ ಕೊಡುವಂತಿಲ್ಲ ಎಂದು ವಿದ್ವಾಂಸರು ಸ್ಪಷ್ಟವಾಗಿ ಹೇಳಿದ್ದಾರೆ. ವ್ಯಾಪಾರದಲ್ಲಿ ಲಾಭವಿಲ್ಲ ಎನ್ನುತ್ತೀರಾ? ಇರಬಹುದು. ಆದರೆ ನಷ್ಟವನ್ನು ಹೊರುವ ಸರದಿ ಯಾವಾಗಲೂ ಆ ಹುಡುಗನಿಂದಲೇ ಏಕೆ ಆರಂಭವಾಗಬೇಕು?

ಇನ್ನು ನಮ್ಮ ಮಸೀದಿಗಳು. ಅಮೃತಶಿಲೆಗೂ ಎ.ಸಿ.ಗೂ ಲಕ್ಷಗಟ್ಟಲೆ ಚಂದಾ ಎತ್ತುವ ಎಷ್ಟೋ ಜಮಾಅತ್‌ಗಳು ಮುಅದ್ದಿನರ ಸಂಬಳದ ಮಾತು ಬಂದೊಡನೆ ತವಕ್ಕುಲಿನ ಉಪದೇಶ ನೀಡುತ್ತವೆ. ಮುಂದಿನ ರಮಝಾನಿನ ಕಿಟ್‌ಗಳ ಪಟ್ಟಿ ತಯಾರಾಗುವ ಮೊದಲು, ಸರಕಾರದ ಕನಿಷ್ಠ ವೇತನದ ಅಧಿಸೂಚನೆಯನ್ನೂ ಮುಅದ್ದಿನರ ಸಂಬಳದ ಮೊತ್ತವನ್ನೂ ಕಮಿಟಿಯ ಅಧ್ಯಕ್ಷರು ಜುಮಾದ ಬಳಿಕ ಒಟ್ಟಿಗೆ ಓದಿ ಹೇಳಲಿ.