ಪಾರ್ಶ್ವವಾಯುವೂ ಗಡಿಸೀಮೆಯ ಭಾಷಾಸಂಪತ್ತೂ

ಕರ್ನಾಟಕದ ಗಡಿಗೆ ತಾಗಿದ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಯಲ್ಲಿ ಮನೆಯೊಳಗೆ ಕನ್ನಡವನ್ನೂ ಶಾಲೆ-ಸಂತೆಗಳಲ್ಲಿ ಮರಾಠಿಯನ್ನೂ ನೆರೆಯವರೊಡನೆ ದಖನಿ ಉರ್ದುವನ್ನೂ ಆಡುತ್ತ, ಒಂದು ಮಾತು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂಬುದನ್ನು ತಾವೇ ಗಮನಿಸದೆ ಬಾಳುವ ಕುಟುಂಬಗಳು ಇಂದಿಗೂ ಉಂಟು. ಬಸವಣ್ಣನವರ ವಚನಗಳಿಗೂ ಮನ್ಮಥಸ್ವಾಮಿಗಳ ಮರಾಠಿ ಅಭಂಗಗಳಿಗೂ ಸಮಾನವಾಗಿ ತಲೆಬಾಗುವ ಲಿಂಗಾಯತ ಸಂಪ್ರದಾಯ ಈ ನೆಲದ್ದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ವಿಭಜನೆಗೊಂಡು, ಅದುವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಸೇರಿದಂದಿನಿಂದ, ಈ ಬಹುಭಾಷಿಕತೆಯನ್ನು ನಮ್ಮ ರಾಜಕಾರಣವು ತಕರಾರಿನ ಸಾಮಗ್ರಿಯೆಂದೇ ಎಣಿಸುತ್ತ ಬಂದಿದೆ. ಆದರೆ ಪಾರ್ಶ್ವವಾಯುವಿಗೆ ತುತ್ತಾದವರ ಬುದ್ಧಿಶಕ್ತಿಯನ್ನು ಕಾಯುವುದರಲ್ಲಿ ಈ ಗುಣಕ್ಕೆ ಒಂದು ಪಾತ್ರವಿರಬಹುದೆಂಬ ಸಂಗತಿಯು, ಅದೇ ಹಳೆಯ ರಾಜ್ಯದ ರಾಜಧಾನಿಯಾಗಿದ್ದ ಹೈದರಾಬಾದಿನ ಒಂದು ಆಸ್ಪತ್ರೆಯ ದಾಖಲೆಗಳಿಂದ ಹೊರಟು, 2016ರಲ್ಲಿ ಜಗತ್ತಿನ ವೈದ್ಯರ ಮುಂದೆ ಬಂದಿತು. ಗಡಿನಾಡಿನ ಕುರಿತು ಮಾತನಾಡುವವರು ಅದರ ಕಡೆಗೆ ಕಣ್ಣುಹಾಯಿಸುವುದು ಲೇಸು.

ಆ ಸಂಶೋಧನೆಯನ್ನು ನಡೆಸಿದವರು, ಆಗ ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿದ್ದು ಈಗ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ನರರೋಗಶಾಸ್ತ್ರದ ಪ್ರಾಧ್ಯಾಪಕರಾಗಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು. ಎಡಿನ್‌ಬರೋದ ಥಾಮಸ್ ಬಾಕ್ ಅವರೊಡನೆ ಕೈಜೋಡಿಸಿದ್ದರು. ರಕ್ತನಾಳವು ಮುಚ್ಚಿಹೋಗಿ ಪಾರ್ಶ್ವವಾಯುವಾದ 608 ರೋಗಿಗಳನ್ನು ಅವರು ಪರೀಕ್ಷಿಸಿದಾಗ, ಒಂದೇ ಭಾಷೆಯನ್ನು ಬಲ್ಲವರಲ್ಲಿ ಶೇಕಡ 19.6 ಮಂದಿಗೆ ಮಾತ್ರ ಸ್ಮರಣೆ, ಅವಧಾನ, ವಿವೇಚನೆಗಳು ಮೊದಲಿನಂತೆ ಉಳಿದಿದ್ದುವು. ಎರಡು ಅಥವಾ ಹೆಚ್ಚು ಭಾಷೆಗಳಲ್ಲಿ ವ್ಯವಹರಿಸಬಲ್ಲವರಲ್ಲಿ ಹಾಗೆ ಉಳಿದವರ ಪ್ರಮಾಣ ಶೇಕಡ 40.5. ವಯಸ್ಸು, ವಿದ್ಯೆ, ಜೀವನಕ್ರಮ ಮೊದಲಾದ ಕಾರಣಗಳನ್ನು ಲೆಕ್ಕಕ್ಕೆ ತಂದ ಮೇಲೆಯೂ ಈ ವ್ಯತ್ಯಾಸ ಅಳಿಯಲಿಲ್ಲ. ಇದಕ್ಕೆ ಮೂರು ವರ್ಷ ಮುಂಚೆ, 2013ರಲ್ಲಿ, ಮರೆಗುಳಿತನದ 648 ರೋಗಿಗಳನ್ನು ಕುರಿತು ಅವರೇ ಪ್ರಕಟಿಸಿದ್ದ ಅಧ್ಯಯನದಲ್ಲಿ, ಬಹುಭಾಷಿಕರಿಗೆ ಆ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರುವುದು ಕಂಡಿತ್ತು. ಅಕ್ಷರವನ್ನೇ ಅರಿಯದವರಲ್ಲಿಯೂ ಹಾಗೆಯೇ ಕಂಡಿತ್ತು. ಸಂತೆಯಲ್ಲಿ ಕಲಿತ ಭಾಷೆಯೂ ಶಾಲೆಯಲ್ಲಿ ಕಲಿತ ಭಾಷೆಯಷ್ಟೇ ಮಿದುಳಿಗೆ ವ್ಯಾಯಾಮವೆಂದು ಇದರಿಂದ ತೋರುತ್ತದೆ.

ಅತ್ಯುತ್ಸಾಹಕ್ಕೆ ಇಲ್ಲಿ ಅವಕಾಶವಿಲ್ಲ. ಇವು ಕಂಡದ್ದನ್ನು ಎಣಿಸಿದ ಅಧ್ಯಯನಗಳೇ ಹೊರತು, ಒಂದು ಗುಂಪಿಗೆ ಭಾಷೆಯನ್ನು ಕಲಿಸಿ ಇನ್ನೊಂದಕ್ಕೆ ಕಲಿಸದೆ ನಡೆಸಿದ ಪ್ರಯೋಗಗಳಲ್ಲ. ಬಹುಭಾಷಿಕರಿಗೆ ಪಾರ್ಶ್ವವಾಯು ಬಡಿಯುವುದೇ ಇಲ್ಲವೆಂದು ಯಾರೂ ಹೇಳಿಲ್ಲ. ಬಡಿದಾಗ ಮಾತು ಹೋಗುವ ಸಂಭವದಲ್ಲಿ ಎರಡು ಗುಂಪಿನವರಿಗೂ ಭೇದ ಕಾಣಲಿಲ್ಲವೆಂದು ಆ ಪ್ರಬಂಧವೇ ಸ್ಪಷ್ಟಪಡಿಸುತ್ತದೆ. ಬದುಕಿನುದ್ದಕ್ಕೂ ಒಂದು ಭಾಷೆಯನ್ನು ತಡೆದು ಇನ್ನೊಂದನ್ನು ಆಡುವ, ಎದುರಿಗಿರುವವನನ್ನು ನೋಡಿ ಮಾತನ್ನು ಬದಲಿಸುವ ಅಭ್ಯಾಸದಿಂದ ಮಿದುಳಿನಲ್ಲಿ ಒಂದು ಮೀಸಲು ಶಕ್ತಿ ಸಂಚಯವಾಗುತ್ತದೆ, ಒಂದು ಭಾಗ ಸತ್ತಾಗ ಉಳಿದ ಭಾಗಗಳು ಆ ಮೀಸಲಿನ ಬಲದಿಂದ ಕೆಲಸವನ್ನು ಹಂಚಿಕೊಳ್ಳುತ್ತವೆ ಎಂಬುದೇ ವಿದ್ವಾಂಸರ ಊಹೆ. ಗಡಿಸೀಮೆಯ ಜನ ಈ ಮೀಸಲನ್ನು ಯಾವ ಸರಕಾರದ ಅನುದಾನವನ್ನೂ ಬೇಡದೆ ತಾವೇ ಸಂಪಾದಿಸಿಕೊಂಡಿದ್ದಾರೆ. ಆದರೆ ಮೀಸಲಿಗೂ ಒಂದು ಮಿತಿಯುಂಟು: ಮಿದುಳಿನ ಬಹುಭಾಗವೇ ಸತ್ತುಹೋದರೆ ಉಳಿದುದು ಏನನ್ನು ತಾನೆ ಹಂಚಿಕೊಂಡೀತು? ಎಷ್ಟು ಸಾಯುತ್ತದೆ, ಎಷ್ಟು ಉಳಿಯುತ್ತದೆ ಎಂಬುದು ಭಾಷೆಯ ಕೈಯಲ್ಲಿಲ್ಲ, ಕಾಲದ ಕೈಯಲ್ಲಿದೆ. ಆ ಕಾಲವನ್ನು ಒದಗಿಸಿಕೊಡುವುದು ಪ್ರಭುತ್ವದ ಹೊಣೆ. ಈ ಲೇಖನದ ವಾದವೆಲ್ಲ ಇಷ್ಟೇ.

ಮಿದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿದಾಗ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಮೆರಿಕದ ಜೆಫ್ರಿ ಸೇವರ್ 2006ರಲ್ಲಿ ಗಣಿಸಿ ಹೇಳಿದರು. ಆದರೆ ಎಲ್ಲವೂ ಒಮ್ಮೆಗೇ ಸಾಯುವುದಿಲ್ಲ. ಕಾಲುವೆಯ ಬಾಯಿ ಕಟ್ಟಿದಾಗ ಕೊನೆಯ ಮಡಿ ಒಣಗಿದರೂ ಪಕ್ಕದ ಮಡಿಗಳು ಬಸಿದುಬಂದ ನೀರಿನಿಂದ ಕೆಲವು ಹೊತ್ತು ಹಸುರಾಗಿರುವಂತೆ, ಸತ್ತ ಭಾಗದ ಸುತ್ತಣ ಮಿದುಳು ಅಕ್ಕಪಕ್ಕದ ನಾಳಗಳ ಅಲ್ಪಸ್ವಲ್ಪ ರಕ್ತದಿಂದ ಕೆಲವು ಗಂಟೆ ಜೀವ ಹಿಡಿದಿರುತ್ತದೆ. ಅಷ್ಟರೊಳಗೆ ನಾಳವನ್ನು ಮುಚ್ಚಿದ ರಕ್ತದ ಹೆಪ್ಪನ್ನು ಔಷಧದಿಂದ ಕರಗಿಸಿದರೆ ಅದು ಉಳಿಯುತ್ತದೆಂಬುದನ್ನು 1995ರ ಅಮೆರಿಕದ ಪ್ರಯೋಗವೊಂದು 624 ರೋಗಿಗಳಲ್ಲಿ ತೋರಿಸಿಕೊಟ್ಟಿತು. ಔಷಧ ಕೊಡಲು ಅದು ಇಟ್ಟ ಅವಧಿ, ರೋಗ ಬಡಿದಾಗಿನಿಂದ ಮೂರು ಗಂಟೆ. 2008ರಲ್ಲಿ ಯೂರೋಪಿನ ಪ್ರಯೋಗವೊಂದು ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತೊಡೆಯ ಧಮನಿಯ ಮೂಲಕ ಸೂಕ್ಷ್ಮನಳಿಕೆಯನ್ನು ಮಿದುಳಿನವರೆಗೆ ಸಾಗಿಸಿ ಹೆಪ್ಪನ್ನೇ ಹೊರಗೆಳೆಯುವ ಕ್ರಿಯೆಯು 2015ರಲ್ಲಿ ಐದು ಪ್ರಯೋಗಗಳಿಂದ ಒಮ್ಮೆಗೇ ಸಿದ್ಧವಾಯಿತು; ಆಯ್ದ ಕೆಲವು ರೋಗಿಗಳಲ್ಲಿ ಇಪ್ಪತ್ತನಾಲ್ಕು ಗಂಟೆಯವರೆಗೂ ಅದು ಫಲಕೊಡಬಲ್ಲುದೆಂದು 2018ರಲ್ಲಿ ತಿಳಿಯಿತು.

ಇವುಗಳಲ್ಲಿ ನಮ್ಮ ತಾಲ್ಲೂಕುಗಳಿಗೆ ಹೆಚ್ಚು ಸಲ್ಲುವುದು, ಕೆನಡಾದ ಕ್ಯಾಲ್ಗರಿಯಲ್ಲಿರುವ ಡಾ. ಬಿಜೋಯ್ ಮೆನನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ, ಸುಮಾರು 1,600 ರೋಗಿಗಳ ಪ್ರಯೋಗ. ಹೆಪ್ಪನ್ನು ಕರಗಿಸುವ ಹಳೆಯ ಔಷಧವಾದ ಆಲ್ಟೆಪ್ಲೇಸನ್ನು ಒಂದು ಗಂಟೆಯ ಕಾಲ ಯಂತ್ರದ ಮೂಲಕ ರಕ್ತಕ್ಕೆ ಹರಿಯಿಸಬೇಕು; ಹೊಸದಾದ ಟೆನೆಕ್ಟೆಪ್ಲೇಸನ್ನಾದರೋ ಒಂದೇ ಸೂಜಿಯಲ್ಲಿ ಕ್ಷಣಮಾತ್ರದಲ್ಲಿ ಚುಚ್ಚಬಹುದು; ಫಲದಲ್ಲಿ ಇದು ಅದಕ್ಕೆ ಕಡಿಮೆಯಲ್ಲವೆಂದು ಆ ಪ್ರಯೋಗ ಸ್ಥಾಪಿಸಿತು. ರೋಗಿಯನ್ನು ಚಿಕ್ಕ ಆಸ್ಪತ್ರೆಯಲ್ಲಿ ಚುಚ್ಚಿ, ಕೂಡಲೇ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಬೇಕಾದ ಕಡೆಯಲ್ಲಿ ಇದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ. ಈ ಔಷಧ ಭಾರತದಲ್ಲಿಯೇ ತಯಾರಾಗುತ್ತಿದೆ.

ಚುಚ್ಚುವ ಮುನ್ನ ಸಿ.ಟಿ. ಸ್ಕ್ಯಾನು ಆಗಲೇಬೇಕು, ಏಕೆಂದರೆ ನಾಳ ಒಡೆದು ರಕ್ತಸ್ರಾವವಾದವನಿಗೂ ಬಾಯಿ ಓರೆಯಾಗುತ್ತದೆ, ಕೈ ಸೋಲುತ್ತದೆ, ಮಾತು ತೊದಲುತ್ತದೆ, ಅಂಥವನಿಗೆ ಈ ಔಷಧವೇ ಮೃತ್ಯು. ಯೋಗ್ಯ ರೋಗಿಗೆ ಕೊಟ್ಟಾಗಲೂ ಅಪಾಯ ಇಲ್ಲದಿಲ್ಲ: 1995ರ ಪ್ರಯೋಗದಲ್ಲಿ ಔಷಧ ಪಡೆದವರ ಪೈಕಿ ಶೇಕಡ 6.4 ಮಂದಿಗೆ ಮಿದುಳಿನಲ್ಲಿ ಅಪಾಯಕರ ರಕ್ತಸ್ರಾವವಾಗಿತ್ತು, ಪಡೆಯದವರಲ್ಲಿ ಶೇಕಡ 0.6 ಮಾತ್ರ. ಹೀಗಿರುವಾಗ ನರರೋಗತಜ್ಞನಿಲ್ಲದ ಊರಿನಲ್ಲಿ ಇದನ್ನು ಪ್ರಯೋಗಿಸುವುದು ಸಾಹಸವಲ್ಲವೇ ಎಂಬ ಆಕ್ಷೇಪಣೆ ಸಹಜವಾದುದೇ. ಅದಕ್ಕೆ ಉತ್ತರವನ್ನು ಹಿಮಾಚಲ ಪ್ರದೇಶ ಆಗಲೇ ಕೊಟ್ಟಿದೆ. ಶಿಮ್ಲಾದ ಸರಕಾರಿ ವೈದ್ಯಕೀಯ ಕಾಲೇಜಿನ ಡಾ. ಸುಧೀರ್ ಶರ್ಮಾ ಮತ್ತು ಸಂಗಡಿಗರು, ಸಿ.ಟಿ. ಯಂತ್ರವಿದ್ದ ಜಿಲ್ಲಾಸ್ಪತ್ರೆಗಳ ಸಾಮಾನ್ಯ ವೈದ್ಯರನ್ನು ತರಬೇತುಗೊಳಿಸಿ, ಸ್ಕ್ಯಾನಿನ ಚಿತ್ರವನ್ನು ಫೋನಿನಲ್ಲಿ ತರಿಸಿಕೊಂಡು ನೋಡಿ, ಚುಚ್ಚಬೇಕೋ ಬೇಡವೋ ಎಂಬುದನ್ನು ದೂರದಿಂದಲೇ ನಿರ್ಣಯಿಸುವ ಪದ್ಧತಿಯನ್ನು ಕಳೆದ ದಶಕದಲ್ಲಿ ಕಟ್ಟಿದರು. ಹಿಮಾಲಯದ ಘಟ್ಟಗಳಲ್ಲಿ ಸಾಧ್ಯವಾದುದು ಮರಾಠವಾಡದ ಸಮತಟ್ಟಿನ ಎರೆಭೂಮಿಯಲ್ಲಿ ಅಸಾಧ್ಯವೆಂದರೆ ಒಪ್ಪುವವರಾರು?

ಈಗ ಭೂಪಟದ ಕಡೆಗೆ ತಿರುಗೋಣ. ಉದಗೀರಕ್ಕೆ ಲಾತೂರೂ ಬೀದರವೂ ಹೆಚ್ಚುಕಡಿಮೆ ಸಮದೂರ. ಉಮರ್ಗಾದಿಂದ ಸೊಲ್ಲಾಪುರಕ್ಕೆ ಹೈದರಾಬಾದ್ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನಷ್ಟಾಗುತ್ತದೆ; ಆಳಂದದ ಮಾರ್ಗವಾಗಿ ಕಲಬುರಗಿ ಅದಕ್ಕಿಂತ ಹತ್ತಿರ. ಲಾತೂರು, ಸೊಲ್ಲಾಪುರ, ಬೀದರ, ಕಲಬುರಗಿ ಈ ನಾಲ್ಕರಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಇಷ್ಟಿದ್ದೂ, ‘ಲಕ್ವಾ ಹೊಡೆಯಿತು’ ಎಂದು ಮನೆಯವರು ಕೂಗಿಕೊಂಡ ಕ್ಷಣದಲ್ಲಿ ಯಾವ ದಿಕ್ಕಿಗೆ ಓಡಬೇಕೆಂಬುದನ್ನು ರೋಗಿಯ ಮಿದುಳಲ್ಲ, ಆತನ ರೇಷನ್ ಕಾರ್ಡು ನಿರ್ಣಯಿಸುತ್ತದೆ. ಮಹಾರಾಷ್ಟ್ರದ ಮಹಾತ್ಮಾ ಫುಲೆ ಜನಾರೋಗ್ಯ ಯೋಜನೆಯನ್ನೂ ಕರ್ನಾಟಕದ ಆರೋಗ್ಯ ಯೋಜನೆಯನ್ನೂ ರೂಪಿಸಿದವರ ಕಣ್ಣಮುಂದೆ ಇದ್ದುದು ತಂತಮ್ಮ ರಾಜ್ಯದ ನಿವಾಸಿಗಳು, ಗಡಿಯ ಎರಡು ಮಗ್ಗುಲಲ್ಲಿ ಬಂಧುಬಳಗವಿರುವ ಈ ಸೀಮೆಯಲ್ಲ. ಇದರ ಮೇಲೆ, ಮೊದಲು ಎಣ್ಣೆ ತಿಕ್ಕಿಸಿ ನೋಡೋಣವೆಂಬ ವಾಡಿಕೆಯೂ, ಹತ್ತಿರದ ಡಾಕ್ಟರು ಕೊಟ್ಟ ಸಲೈನಿನ ಮೇಲಣ ಭರವಸೆಯೂ ಸೇರಿದರೆ, ನಾಲ್ಕೂವರೆ ಗಂಟೆ ಊರ ಎಲ್ಲೆಯೊಳಗೇ ಸವೆದುಹೋಗುತ್ತದೆ.

ಗಡಿಯಾಚೆಯವರಿಗೆ ಚಿಕಿತ್ಸೆ ಕೊಡುವ ಮಾತು ಹೊಸದೇನೂ ಅಲ್ಲ. ಮಹಾರಾಷ್ಟ್ರ ಸರಕಾರವು ತಾನು ಹಕ್ಕು ಸಾಧಿಸುತ್ತಿರುವ ಕರ್ನಾಟಕದ 865 ಹಳ್ಳಿಗಳಿಗೆ ತನ್ನ ಆರೋಗ್ಯ ಯೋಜನೆಯನ್ನು ವಿಸ್ತರಿಸುವುದಾಗಿ 2023ರಲ್ಲಿ ಸಾರಿತು. ಕರ್ನಾಟಕ ಸರಕಾರ ಅದನ್ನು ಬಲವಾಗಿ ಆಕ್ಷೇಪಿಸಿತು. ಆಕ್ಷೇಪಣೆಗೆ ಕಾರಣವಿತ್ತು: ನೆಲದ ಹಕ್ಕನ್ನು ಸಾಧಿಸುವ ಸಲುವಾಗಿ ನೀಡುವ ಮದ್ದು ಮದ್ದಿನ ಮರ್ಯಾದೆಯನ್ನು ಕಳೆದುಕೊಳ್ಳುತ್ತದೆ. ಆದರೆ ಆಕ್ಷೇಪಿಸಿ ಸುಮ್ಮನಾಗುವುದರಿಂದ ಯಾರ ಮಿದುಳೂ ಉಳಿಯುವುದಿಲ್ಲ. ಎರಡು ಸರಕಾರಗಳೂ, ನೆಲದ ವಾದವನ್ನು ನ್ಯಾಯಾಲಯದ ಪಾಲಿಗೆ ಬಿಟ್ಟು, ಪಾರ್ಶ್ವವಾಯು ಮೊದಲಾದ ತುರ್ತುರೋಗಗಳ ಮಟ್ಟಿಗಾದರೂ, ಯಾವ ಮಗ್ಗುಲಿನ ರೋಗಿಯಾಗಲಿ ಹತ್ತಿರದ ಸಜ್ಜಾದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು, ಖರ್ಚಿನ ಲೆಕ್ಕವನ್ನು ಆಮೇಲೆ ಖಜಾನೆಗಳು ತಮ್ಮತಮ್ಮೊಳಗೆ ಚುಕ್ತಾ ಮಾಡಿಕೊಳ್ಳುತ್ತವೆ ಎಂಬ ಪರಸ್ಪರ ಒಡಂಬಡಿಕೆಯನ್ನು ಬರೆದುಕೊಂಡರೆ, ಅದರಿಂದ ಯಾರ ಹಕ್ಕಿಗೂ ಚ್ಯುತಿಯಿಲ್ಲ.

ಜೀವವುಳಿದ ಮೇಲಿನ ಅಧ್ಯಾಯ ಇನ್ನೂ ದೀರ್ಘವಾದುದು; ಭಾಷೆಯ ಪ್ರಶ್ನೆ ಅಲ್ಲಿ ಮತ್ತೆ ತಲೆಯೆತ್ತುತ್ತದೆ. ಬಹುಭಾಷಿಕನಿಗೆ ಪಾರ್ಶ್ವವಾಯುವಾದಾಗ ಅವನ ಎಲ್ಲ ಭಾಷೆಗಳೂ ಒಂದೇ ಅಳತೆಯಲ್ಲಿ ಹೋಗುವುದಿಲ್ಲ, ಒಂದೇ ಅಳತೆಯಲ್ಲಿ ಮರಳುವುದೂ ಇಲ್ಲವೆಂಬುದನ್ನು ಫ್ರಾನ್ಸಿನ ಆಲ್ಬರ್ಟ್ ಪಿತ್ರ್ 1895ರಷ್ಟು ಹಿಂದೆಯೇ ಗುರುತಿಸಿದ್ದರು. ಮನೆಯಲ್ಲಿ ಕನ್ನಡವಾಡುವ ಉಮರ್ಗಾದ ಮುದುಕಿಯೊಬ್ಬಳನ್ನು ಮರಾಠಿಯಲ್ಲಿ ಮಾತ್ರ ಪ್ರಶ್ನಿಸಿ, ಉತ್ತರ ಬಾರದಿದ್ದರೆ ಬುದ್ಧಿ ಹೋಯಿತೆಂದು ಬರೆದುಬಿಡುವುದು ರೋಗನಿದಾನವಲ್ಲ, ಅನ್ಯಾಯ. ಬೀದರದಲ್ಲಿ ಮರಾಠಿಯ ಮುದುಕನಿಗೆ ಕನ್ನಡದ ಪ್ರಶ್ನೆಯನ್ನೊಡ್ಡುವುದೂ ಅಷ್ಟೇ ಅನ್ಯಾಯ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು, ಮಾತು ಕಳೆದುಕೊಂಡವರನ್ನು ಪರೀಕ್ಷಿಸುವ ಕ್ರಮಗಳನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿದೆ. ಆ ಸಾಮಗ್ರಿ ಲಾತೂರು, ಸೊಲ್ಲಾಪುರಗಳ ಆಸ್ಪತ್ರೆಗಳಿಗೂ ದೊರೆಯಬೇಕು. ಮರಾಠಿಯದು ಬೀದರ, ಕಲಬುರಗಿಗಳಿಗೆ ಬರಬೇಕು.

ಕೈಕಾಲುಗಳ ಪುನಶ್ಚೇತನವನ್ನು ಮನೆಯವರ ತಲೆಗೆ ಕಟ್ಟಿ ಸರಕಾರ ಕೈತೊಳೆದುಕೊಳ್ಳಬಹುದೆಂಬ ಆಸೆಗೂ ಸಂಶೋಧನೆ ಆಸ್ಪದವೀಯದು. ಲೂಧಿಯಾನಾದ ಡಾ. ಜಯರಾಜ್ ಪಾಂಡಿಯನ್ ಮತ್ತು ಆಸ್ಟ್ರೇಲಿಯದ ರಿಚರ್ಡ್ ಲಿಂಡ್ಲಿ ಅವರ ಸಮೂಹವು ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ, ಮನೆಯವರಿಗೇ ವ್ಯಾಯಾಮಕ್ರಮವನ್ನು ಕಲಿಸಿಕೊಟ್ಟು ನೋಡಿತು. 2017ರಲ್ಲಿ ಪ್ರಕಟವಾದ ಫಲಿತಾಂಶ ಕಟುವಾಗಿತ್ತು: ಕಲಿಸಿದ ಮನೆಗಳಲ್ಲಿಯೂ ಕಲಿಸದ ಮನೆಗಳಲ್ಲಿಯೂ, ಆರು ತಿಂಗಳ ಕೊನೆಗೆ ಸತ್ತವರು ಅಥವಾ ಪರಾಧೀನರಾಗಿ ಉಳಿದವರು ಶೇಕಡ 47. ಕುಟುಂಬದ ಮಮತೆ ದೊಡ್ಡದು, ಆದರೆ ಅದು ಶಿಕ್ಷಿತ ಭೌತಚಿಕಿತ್ಸಕನ, ವಾಕ್‌ಚಿಕಿತ್ಸಕನ ಸ್ಥಾನವನ್ನು ತುಂಬಲಾರದು. ತನ್ನ ನಿರೀಕ್ಷೆಗೆ ವಿರುದ್ಧವಾದ ಫಲವನ್ನು ಮುಚ್ಚಿಡದೆ ಪ್ರಕಟಿಸಿದ ಆ ಸಮೂಹದ ಸತ್ಯನಿಷ್ಠೆಯನ್ನು ಗೌರವಿಸುವ ಮಾರ್ಗವೆಂದರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಥ ಹುದ್ದೆಗಳನ್ನು ಸೃಷ್ಟಿಸಿ ತುಂಬುವುದು.

ಕರ್ನಾಟಕಕ್ಕೆ ಈ ಕಾರ್ಯದಲ್ಲಿ ಮುಂದಡಿಯಿಡಲು ವಿಶೇಷ ಅನುಕೂಲವುಂಟು. ಜಿಲ್ಲಾಸ್ಪತ್ರೆಗಳ ವೈದ್ಯರಿಗೆ ನರರೋಗಚಿಕಿತ್ಸೆಯಲ್ಲಿ ತರಬೇತು ಕೊಡುವ ಮಿದುಳು ಆರೋಗ್ಯ ಯೋಜನೆಯನ್ನು ರಾಜ್ಯವು ನಿಮ್ಹಾನ್ಸಿನೊಡನೆ ಕೂಡಿ 2022ರಲ್ಲಿ ಆರಂಭಿಸಿತು. ಅದರ ಮುಂದಾಳುಗಳಲ್ಲಿ ಒಬ್ಬರು ಬಹುಭಾಷಿಕ ರೋಗಿಗಳ ಅಧ್ಯಯನ ಮಾಡಿದ ಡಾ. ಅಲ್ಲಾಡಿಯವರೇ. ಬೀದರ, ಕಲಬುರಗಿಗಳಲ್ಲಿ ಹಗಲೂ ರಾತ್ರಿಯೂ ನಡೆಯುವ ಸಿ.ಟಿ. ಯಂತ್ರ, ಕಪಾಟಿನಲ್ಲಿ ಸದಾ ಸಿದ್ಧವಿರುವ ಔಷಧ, ಬೆಂಗಳೂರಿನ ತಜ್ಞನಿಗೆ ಯಾವ ಹೊತ್ತಿನಲ್ಲಿಯೂ ಹೋಗುವ ಫೋನು, ಉದಗೀರದಿಂದಾಗಲಿ ಉಮರ್ಗಾದಿಂದಾಗಲಿ ಬಂದ ರೋಗಿಯನ್ನು ಕಾರ್ಡು ಕೇಳದೆ ಒಳಗೊಯ್ಯುವ ಆಜ್ಞೆ: ಇವಿಷ್ಟನ್ನು ಕರ್ನಾಟಕ ಮೊದಲು ತಾನೇ ಮಾಡಿ ತೋರಿಸಿ, ಆಮೇಲೆ ಮಹಾರಾಷ್ಟ್ರವನ್ನು ಒಡಂಬಡಿಕೆಗೆ ಕರೆಯಲಿ. ಗಡಿನಾಡಿನ ಕನ್ನಡಿಗರ ಮೇಲಣ ಅಭಿಮಾನವನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರಕಟಿಸುವುದಕ್ಕಿಂತ, ಅವರಲ್ಲೊಬ್ಬನ ಬಲಗೈ ಸೋತ ನಾಲ್ಕೂವರೆ ಗಂಟೆಯೊಳಗೆ ಪ್ರಕಟಿಸುವುದು ಹೆಚ್ಚು ಪ್ರಾಮಾಣಿಕವಾದುದು.