ಮಕ್ಕಳೊಡನೆ ಎಷ್ಟು ಯಾತ್ರೆ?

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಮನೆಗಳಲ್ಲಿ ಹೊರಡುವ ಸಂಭ್ರಮ. ಕ್ರಿಸ್‌ಮಸ್ ರಜೆಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಮರುದಿನ ಬಿಳಿಗಿರಿರಂಗನ ಬೆಟ್ಟ, ಭಾನುವಾರ ಮಲೆ ಮಹದೇಶ್ವರ ಬೆಟ್ಟ. ಪುಷ್ಯ ಮಾಸದಲ್ಲಿ ಸುತ್ತೂರು ಜಾತ್ರೆ. ಹಿರಿಯರಾದ ನಮಗೆ ಇದು ಪುಣ್ಯಸಂಚಯ. ಆದರೆ ಮಕ್ಕಳ ಶರೀರಕ್ಕೆ?

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಅವಶ್ಯ. ನಾವಾದರೋ ನಸುಕಿನಲ್ಲೇ ಎಬ್ಬಿಸಿ, ಬರಿಹೊಟ್ಟೆಯಲ್ಲಿ ಘಾಟಿಯ ತಿರುವುಗಳನ್ನು ದಾಟಿಸುತ್ತೇವೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಸಾರಿಗೆ ಬಸ್ಸಿಗೆ ಸರದಿ ಕಾಯಿಸುತ್ತೇವೆ. 1,450 ಮೀಟರಿಗೂ ಮಿಗಿಲಾದ ಎತ್ತರದ ಚಳಿಗಾಳಿಗೆ ತೆಳುವಸ್ತ್ರದಲ್ಲಿ ನಿಲ್ಲಿಸುತ್ತೇವೆ. ಮಗು ಹಟ ಹಿಡಿದರೆ ಗದರುತ್ತೇವೆ. ಅದು ಹಟವಲ್ಲ, ಆಯಾಸ.

ನಮ್ಮ ಅಭಿಪ್ರಾಯವಿಷ್ಟೆ: ಒಂದು ರಜೆಗೆ ಒಂದೇ ಯಾತ್ರೆ ಸಾಕು. ಉಣಿಸಿ, ಬೆಚ್ಚಗೆ ಉಡಿಸಿ, ಕಾಯಿಸಿ ಆರಿಸಿದ ನೀರನ್ನು ಜೊತೆಗೊಯ್ದು, ಕತ್ತಲಾಗುವ ಮುನ್ನ ಮನೆ ಸೇರೋಣ. ಮರುದಿನ ಮಗು ಮನೆಯಂಗಳದಲ್ಲೇ ಆಡಿಕೊಂಡಿರಲಿ. ನೆಂಟರು ಇನ್ನೊಂದು ಬೆಟ್ಟಕ್ಕೆ ಕರೆದರೆ ದಾಕ್ಷಿಣ್ಯ ಬಿಟ್ಟು ಬೇಡವೆನ್ನೋಣ. ವಾಂತಿಯೂ ಬೈಗುಳವೂ ಮಾತ್ರ ನೆನಪಿನಲ್ಲುಳಿದ ಮಗುವಿನಲ್ಲಿ ಭಕ್ತಿ ಎಲ್ಲಿಂದ ಮೊಳೆತೀತು?